ಹತ್ತು ಕೈ, ಒಂದು ಮನಸ್ಸು

ಜಾತ್ರೆಯ ದಿನ ತೇರು ಸಾಗುವುದನ್ನು ನಾವೆಲ್ಲರೂ ಕಣ್ತುಂಬ ಕಂಡವರು. ಸಾವಿರಾರು ಕೈಗಳು ಹಗ್ಗ ಹಿಡಿದಿರುತ್ತವೆ, ಜಯಘೋಷ ಮುಗಿಲು ಮುಟ್ಟಿರುತ್ತದೆ. ಆದರೆ ತೇರು ಪಾದಗಟ್ಟೆ ಮುಟ್ಟಿ ಸುರಕ್ಷಿತವಾಗಿ ಮರಳುವುದು ಎಳೆಯುವವರ ತೋಳ್ಬಲವೊಂದರಿಂದಲೇ ಅಲ್ಲ. ಮುಂದೆ ನಿಂತು ಕೈಸನ್ನೆಯಿಂದ ನಡೆಸುವ ಹಿರಿಯರೊಬ್ಬರಿರುತ್ತಾರೆ. ಅವರು ಹಗ್ಗ ಹಿಡಿಯುವುದಿಲ್ಲ, ನೋಟವನ್ನು ಹಿಡಿದಿರುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ತುಂಡನ್ನು ಹಿಡಿದು ಬಾಗಿ ನಡೆಯುವವರಿರುತ್ತಾರೆ. ಅವರತ್ತ ಯಾರ ಕಣ್ಣೂ ಹರಿಯುವುದಿಲ್ಲ. ಆದರೆ ಗಾಲಿ ಪಕ್ಕಕ್ಕೆ ವಾಲಿದುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ. ಅವರು ‘ನಿಲ್ಲಿಸಿ’ ಎಂದು ಕೂಗಿದರೆ, ಹಗ್ಗದ ತುದಿಯಲ್ಲಿ ಊರಗೌಡರೇ ಇದ್ದರೂ ಕೈ ಸಡಿಲಿಸಬೇಕು. ಆ ಕೂಗು ಕೇಳದೆ ಹೋದರೆ ಹಬ್ಬವು ಶೋಕವಾಗಲು ಕ್ಷಣ ಸಾಕು.

ಆರೋಗ್ಯದ ಅಂಕಣದಲ್ಲಿ ತೇರಿನ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ರಸ್ತೆ ಅಪಘಾತದ ಗಾಯಾಳುವನ್ನು ಸ್ವೀಕರಿಸುವ ಆಸ್ಪತ್ರೆಯ ತುರ್ತು ಕೊಠಡಿಯೂ ಇಂತಹುದೇ ಒಂದು ತೇರು. ಅಲ್ಲಿ ಎಳೆಯುವವರಿದ್ದಾರೆ, ನಡೆಸುವವರಿರಬೇಕು, ಗಾಲಿ ನೋಡುವವರ ಕೂಗು ಕೇಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ, ಎಲ್ಲರೂ ನಿಪುಣರಾಗಿದ್ದರೂ, ಉಳಿಯಬೇಕಾದ ಜೀವ ಉಳಿಯದೆ ಹೋಗಬಹುದು. ಈ ಸಂಚಿಕೆಯಲ್ಲಿ ನಾವು ಹೇಳಬಯಸುವುದು ಇದನ್ನೇ.

ಇದು ದೂರದ ವಿಷಯವಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸಂಭವಿಸಿದ ಅಪಘಾತಗಳು 4,61,312. ಅವುಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಕರ್ನಾಟಕವೊಂದರಲ್ಲಿಯೇ 11,702 ಜನ, ಎಂದರೆ ದಿನಕ್ಕೆ ಸರಾಸರಿ 32 ಮನೆಗಳ ದೀಪ ಆರಿದ ಲೆಕ್ಕ. ಸಂತೆಗೆ ಹೋದವರು, ಕಾಲೇಜಿನಿಂದ ಹಿಂದಿರುಗುತ್ತಿದ್ದವರು, ಪಾದಯಾತ್ರೆಗೆ ಹೊರಟವರು ಹೀಗೆ ಮರಳಿ ಬಾರದೆ ಹೋದ ಕಥೆ ನಮ್ಮ ಮಠದ ಭಕ್ತಸಮೂಹಕ್ಕೂ ಹೊಸದಲ್ಲ.

ಹೊಲದಲ್ಲಿ ಹುಟ್ಟಿದ ಪಾಠ

ಅಪಘಾತ ಚಿಕಿತ್ಸೆಗೆ ಇಂದು ಜಗತ್ತಿನಾದ್ಯಂತ ಒಂದು ಕ್ರಮವಿದೆ. ಅದು ಹುಟ್ಟಿದ ಬಗೆಯೇ ಒಂದು ನೋವಿನ ಕಥೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಮ್ಮ ಪತ್ನಿ ಹಾಗೂ ನಾಲ್ವರು ಮಕ್ಕಳೊಡನೆ ಸ್ವಂತ ಚಿಕ್ಕ ವಿಮಾನವನ್ನು ನಡೆಸಿಕೊಂಡು ಊರಿಗೆ ಮರಳುತ್ತಿದ್ದರು. ನೆಬ್ರಾಸ್ಕಾ ರಾಜ್ಯದ ಹಳ್ಳಿಗಾಡಿನ ಹೊಲವೊಂದರಲ್ಲಿ ವಿಮಾನ ಬಿದ್ದಿತು. ಪತ್ನಿ ಅಲ್ಲಿಯೇ ತೀರಿಕೊಂಡರು, ಮಕ್ಕಳು ಗಾಯಗೊಂಡರು. ಸ್ವತಃ ಗಾಯಗೊಂಡಿದ್ದ ಸ್ಟೈನರ್ ರಸ್ತೆಗೆ ಬಂದು, ಸಾಗುತ್ತಿದ್ದ ಕಾರನ್ನು ನಿಲ್ಲಿಸಿ, ಮಕ್ಕಳನ್ನು ಸಮೀಪದ ಚಿಕ್ಕ ಆಸ್ಪತ್ರೆಗೆ ಒಯ್ದರು. ಅಲ್ಲಿ ಅವರು ಕಂಡದ್ದು ಗೊಂದಲ. ಕತ್ತಿನ ಮೂಳೆಗೆ ಏಟಾಗಿರಬಹುದೆಂಬ ಎಚ್ಚರವೂ ಇಲ್ಲದೆ ಮಗುವನ್ನು ಎತ್ತಿ ಸಾಗಿಸಲಾಯಿತು. ಬರಿಗೈಯಲ್ಲಿ ಹೊಲದ ನಡುವೆ ತಾವು ನೀಡಿದ ಆರೈಕೆಗಿಂತ ಆಸ್ಪತ್ರೆಯಲ್ಲಿ ದೊರೆತದ್ದು ಕಡಿಮೆಯಾಗಿತ್ತೆಂದು ಅವರು ಮುಂದೆ ಹೇಳಿಕೊಂಡರು.

ಸ್ಟೈನರ್ ಆ ಆಸ್ಪತ್ರೆಯನ್ನು ಹಳಿಯುತ್ತ ಕೂರಲಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಅವರಿಗೆ ಕ್ರಮವನ್ನು ಯಾರೂ ಕಲಿಸಿರಲಿಲ್ಲ ಎಂಬುದನ್ನು ಅರಿತರು. ಸಹೋದ್ಯೋಗಿಗಳೊಡನೆ ಸೇರಿ 1978ರಲ್ಲಿ ಒಂದು ತರಬೇತಿಯನ್ನು ರೂಪಿಸಿದರು. 1980ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರ ಮಹಾಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. ಇಂದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ವೈದ್ಯರು ಅದನ್ನು ಕಲಿಯುತ್ತಿದ್ದಾರೆ. ದಶಕಗಳ ಕಾಲ ಅದು ಕಲಿಸಿದ ಸಾರ ಸರಳ: ಮೊದಲು ಕತ್ತಿನ ಮೂಳೆಯನ್ನು ಅಲುಗಿಸದೆ ಉಸಿರಿನ ದಾರಿಯನ್ನು ತೆರೆ, ನಂತರ ಉಸಿರಾಟವನ್ನು ನೋಡು, ನಂತರ ರಕ್ತಸ್ರಾವ ಮತ್ತು ರಕ್ತಸಂಚಾರ, ನಂತರ ಪ್ರಜ್ಞೆ, ಕೊನೆಗೆ ಮೈಮೇಲಿನ ಬಟ್ಟೆ ತೆಗೆದು ಅಡಗಿರುವ ಗಾಯಗಳನ್ನು ಹುಡುಕಿ, ಮೈ ತಣ್ಣಗಾಗದಂತೆ ಹೊದಿಸು. ಯಾವುದು ಮೊದಲು ಕೊಲ್ಲುತ್ತದೆಯೋ ಅದಕ್ಕೆ ಮೊದಲು ಮದ್ದು.

ಒಬ್ಬನೇ ವೈದ್ಯನಿದ್ದರೆ ಈ ಐದು ಮೆಟ್ಟಿಲುಗಳನ್ನು ಒಂದಾದ ಮೇಲೊಂದರಂತೆ ಏರಬೇಕು. ತಂಡವಿದ್ದರೆ ಐದನ್ನೂ ಏಕಕಾಲಕ್ಕೆ ಏರಬಹುದು. ಅರಿವಳಿಕೆ ತಜ್ಞರು ತಲೆಯ ಬಳಿ ನಿಂತು ಉಸಿರನ್ನು ಕಾಯುತ್ತಾರೆ. ಒಬ್ಬ ವೈದ್ಯರು ಎದೆ, ಹೊಟ್ಟೆ ಪರೀಕ್ಷಿಸುತ್ತಾರೆ. ಒಬ್ಬ ಸಿಸ್ಟರ್ ಡ್ರಿಪ್ ಹಾಕಿ ರಕ್ತದ ಮಾದರಿ ತೆಗೆಯುತ್ತಾರೆ, ಮತ್ತೊಬ್ಬರು ಔಷಧ ಸಿದ್ಧಪಡಿಸುತ್ತಾರೆ. ಎಕ್ಸ್-ರೇ ಟೆಕ್ನೀಷಿಯನ್ ಸಜ್ಜಾಗಿರುತ್ತಾರೆ. ಒಬ್ಬರು ಸಮಯವನ್ನೂ ನಡೆದುದನ್ನೂ ಬರೆದುಕೊಳ್ಳುತ್ತಾರೆ. ವಾರ್ಡ್ ಬಾಯ್ ರಕ್ತನಿಧಿಗೆ ಓಡುತ್ತಾನೆ. ಆದರೆ ಎಲ್ಲರೂ ಒಟ್ಟಿಗೆ ಕೈಹಾಕುವುದರಲ್ಲಿ ಒಂದು ಅಪಾಯವೂ ಇದೆ. ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಾಗಿರದಿದ್ದರೆ ಮೂವರು ಸೇರಿ ಒಂದೇ ಕೆಲಸ ಮಾಡುತ್ತಾರೆ, ಅತಿ ಮುಖ್ಯವಾದ ಇನ್ನೊಂದನ್ನು ಯಾರೂ ಮಾಡಿರುವುದಿಲ್ಲ. ‘ರಕ್ತ ತರಿಸಿ’ ಎಂದು ಗಾಳಿಗೆ ಹೇಳಿದ ಮಾತನ್ನು ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಹೇಳಿದ್ದೆಂದು ಭಾವಿಸಿಬಿಡುತ್ತಾರೆ.

ಹಗ್ಗ ಹಿಡಿಯದ ನಾಯಕ

ಆದ್ದರಿಂದ ತಂಡಕ್ಕೆ ನಾಯಕರು ಬೇಕು. ಉತ್ತಮ ತಂಡಗಳಲ್ಲಿ ನಾಯಕರು ಗಾಯಾಳುವಿನ ಕಾಲ ಬಳಿ, ಮಂಚದ ತುದಿಯಲ್ಲಿ ನಿಲ್ಲುತ್ತಾರೆ. ಸಾಧ್ಯವಾದಷ್ಟೂ ತಮ್ಮ ಕೈಗಳನ್ನು ಯಾವ ಕೆಲಸಕ್ಕೂ ತೊಡಗಿಸುವುದಿಲ್ಲ. ಇದನ್ನು ಕಂಡ ಬಂಧುಗಳಿಗೆ ‘ದೊಡ್ಡ ಡಾಕ್ಟರು ಸುಮ್ಮನೆ ನಿಂತಿದ್ದಾರೆ’ ಎಂದು ಕೋಪ ಬರುವುದುಂಟು. ವಾಸ್ತವದಲ್ಲಿ ಅವರು ಅತ್ಯಂತ ಕಠಿಣವಾದ ಕೆಲಸವನ್ನು ಮಾಡುತ್ತಿರುತ್ತಾರೆ. ಗಾಯವೊಂದನ್ನು ಹೊಲಿಯಲು ಬಾಗಿದವರಿಗೆ ಆ ಗಾಯವೊಂದೇ ಜಗತ್ತಾಗುತ್ತದೆ. ರಕ್ತದೊತ್ತಡ ಕುಸಿಯುತ್ತಿರುವುದು ಕಾಣುವುದಿಲ್ಲ. ಒಬ್ಬರಾದರೂ ಇಡೀ ಮನುಷ್ಯನನ್ನು ನೋಡುತ್ತಿರಬೇಕು. ನಾಯಕರು ಆಗಾಗ ಎಲ್ಲರಿಗೂ ಕೇಳುವಂತೆ, ಇಷ್ಟಾಗಿದೆ, ಇಷ್ಟು ಉಳಿದಿದೆ, ಮುಂದೆ ಶಸ್ತ್ರಚಿಕಿತ್ಸೆಯೋ ಸಿ.ಟಿ. ಸ್ಕ್ಯಾನೋ ಎಂದು ಹೇಳುತ್ತಾರೆ. ಆಗ ಹತ್ತು ತಲೆಗಳಲ್ಲಿರುವ ಹತ್ತು ಚಿತ್ರಗಳು ಒಂದೇ ಚಿತ್ರವಾಗುತ್ತವೆ.

ನಮ್ಮ ಪರಂಪರೆಗೆ ಈ ಬಗೆಯ ನಾಯಕತ್ವ ಅಪರಿಚಿತವಲ್ಲ. ಕಲ್ಯಾಣದ ಅನುಭವ ಮಂಟಪವನ್ನು ಕಟ್ಟಿದವರು ಬಸವಣ್ಣನವರು. ಆದರೆ ಶೂನ್ಯ ಸಿಂಹಾಸನದ ಮೇಲೆ ಕುಳಿತವರು ಅವರಲ್ಲ, ಅಲ್ಲಮಪ್ರಭುದೇವರು. ಕಟ್ಟಿದವರೇ ಪೀಠವೇರಬೇಕೆಂಬ ಹಟ ಅಲ್ಲಿರಲಿಲ್ಲ. ತುರ್ತು ಕೊಠಡಿಯಲ್ಲಿಯೂ ನಾಯಕತ್ವವು ವಯಸ್ಸಿಗೋ ಹುದ್ದೆಗೋ ಸಲ್ಲುವ ಗೌರವವಲ್ಲ, ಆ ಗಳಿಗೆಯ ಕಾಯಕ. ತರಬೇತಿ ಪಡೆದ ಕಿರಿಯ ವೈದ್ಯೆಯೊಬ್ಬರು ತಂಡವನ್ನು ನಡೆಸುತ್ತಿರುವಾಗ ಹಿರಿಯ ತಜ್ಞರು ಒಳಬಂದರೆ, ಅವರು ಮೊದಲು ಕೇಳಬೇಕಾದ ಪ್ರಶ್ನೆ ‘ಇಲ್ಲಿ ನನ್ನಿಂದ ಏನಾಗಬೇಕು’ ಎಂಬುದು. ನಾಯಕತ್ವವನ್ನು ತಾವು ವಹಿಸಿಕೊಳ್ಳುವುದಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಒಂದು ಕೊಠಡಿಯಲ್ಲಿ ಇಬ್ಬರು ನಾಯಕರಿದ್ದರೆ ನಾಯಕರೇ ಇಲ್ಲದಂತೆ.

ಕಿರಿಯರ ದನಿ

ನಾಯಕರಿದ್ದರೆ ಸಾಲದು, ಅವರಿಗೆ ಕಿವಿಯೂ ಇರಬೇಕು. ಇದನ್ನು ಜಗತ್ತಿಗೆ ಮನಗಾಣಿಸಿದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಅದು ಅಪಘಾತದ ಪ್ರಕರಣವಲ್ಲ. ಆದರೆ ಅದರ ಪಾಠ ಎಲ್ಲ ತುರ್ತು ಕೊಠಡಿಗಳಿಗೂ ಸಲ್ಲುತ್ತದೆ.

2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಮೂಗಿನ ಒಳಭಾಗದ ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ದಾಖಲಾದರು. ಅರಿವಳಿಕೆ ನೀಡಿದೊಡನೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ತಜ್ಞರು ಒಬ್ಬರಲ್ಲ, ಮೂವರು ಸೇರಿದರು. ಬಾಯಿಯ ಮೂಲಕ ಗಂಟಲಿಗೆ ಕೊಳವೆ ಇಳಿಸಲು ಮತ್ತೆ ಮತ್ತೆ ಯತ್ನಿಸಿದರು. ಅಂತಹ ಸಂಕಟದಲ್ಲಿ ಕತ್ತಿನ ಮುಂಭಾಗದಲ್ಲಿ ಚಿಕ್ಕ ರಂಧ್ರ ಮಾಡಿ ಉಸಿರು ಕೊಡುವುದು ಪಠ್ಯದಲ್ಲಿಯೇ ಇರುವ ಮಾರ್ಗ. ಒಬ್ಬ ನರ್ಸ್ ಅದಕ್ಕೆ ಬೇಕಾದ ಸಲಕರಣೆಯನ್ನು ತಂದು, ತಂದಿರುವುದಾಗಿ ಹೇಳಿದರು. ಮತ್ತೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಸಿದ್ಧಪಡಿಸಿದರು. ವೈದ್ಯರ ಮನಸ್ಸು ಹಿಡಿದ ಪ್ರಯತ್ನದಲ್ಲಿಯೇ ಸಿಕ್ಕಿಕೊಂಡಿತ್ತು, ಆ ಮಾತು ಒಳಗೆ ಇಳಿಯಲಿಲ್ಲ. ಏನು ಮಾಡಬೇಕೆಂದು ನರ್ಸುಗಳಿಗೆ ತಿಳಿದಿತ್ತು. ಹಿರಿಯರಿಗೆ ಅದನ್ನು ಹೇಗೆ ಹೇಳಬೇಕೆಂಬುದು ತಿಳಿಯಲಿಲ್ಲ. ಆ ತಾಯಿ ಮರಳಿ ಪ್ರಜ್ಞೆಗೆ ಬಾರದೆ ಕೆಲದಿನಗಳಲ್ಲಿ ತೀರಿಕೊಂಡರು.

ಅವರ ಪತಿ ಮಾರ್ಟಿನ್ ಬ್ರೋಮಿಲಿ ವೃತ್ತಿಯಲ್ಲಿ ವಿಮಾನ ಚಾಲಕರು. ವಿಮಾನಯಾನ ಕ್ಷೇತ್ರವು ಇದೇ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತಿತ್ತು. 1977ರಲ್ಲಿ ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಬೃಹತ್ ವಿಮಾನಗಳು ಓಡುದಾರಿಯಲ್ಲಿಯೇ ಡಿಕ್ಕಿ ಹೊಡೆದು 583 ಮಂದಿ ಸತ್ತರು. ದಾರಿ ತೆರವಾಗಿಲ್ಲವೇನೋ ಎಂಬ ಕಿರಿಯ ಅಧಿಕಾರಿಯ ಸಂಶಯವನ್ನು ಕ್ಯಾಪ್ಟನ್ ತಳ್ಳಿಹಾಕಿ ವಿಮಾನವನ್ನು ಮುನ್ನಡೆಸಿದ್ದರು. ಅನಂತರದ ವರ್ಷಗಳಲ್ಲಿ ವಿಮಾನ ಸಂಸ್ಥೆಗಳು ಕಿರಿಯರಿಗೆ ಮಾತನಾಡುವುದನ್ನೂ ಹಿರಿಯರಿಗೆ ಕೇಳುವುದನ್ನೂ ಕಲಿಸತೊಡಗಿದವು. ಬ್ರೋಮಿಲಿ ಅವರು ವೈದ್ಯರಿಗೆ ಶಿಕ್ಷೆಯಾಗಲಿ ಎಂದು ಹೋರಾಡಲಿಲ್ಲ. ಏನಾಯಿತೆಂಬುದು ತಿಳಿಯಲಿ, ಮತ್ತೊಬ್ಬರಿಗೆ ಹೀಗಾಗದಿರಲಿ ಎಂದರು. 2007ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ತನ್ನ ದುಃಖವನ್ನು ಲೋಕದ ಪಾಠವಾಗಿಸಿದ ಈ ನಡೆಯನ್ನು ನಾವು ಶರಣರ ನಡೆಯೆಂದೇ ಕರೆಯುತ್ತೇವೆ.

ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗುತ್ತಾರೆ. ಪತಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದು, ಇದ್ದಲ್ಲಿಗೇ ಸುರಿದು ಬನ್ನಿ ಎಂದು ಆ ತಾಯಿ ಹೇಳಿದರು. ಮಾರಯ್ಯನವರು ಸಿಟ್ಟಾಗಲಿಲ್ಲ, ತಿದ್ದಿಕೊಂಡರು. ಹೇಳಿದವರ ಧೈರ್ಯವೂ ಕೇಳಿದವರ ವಿನಯವೂ ಸಮಸಮವಾಗಿದ್ದುದರಿಂದಲೇ ಆ ಪ್ರಸಂಗ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಆದರೆ ಅದನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವೇ, ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಕಿರಿಯರು ಬಾಯಿ ತೆರೆದರೆ ‘ನಿನಗೇನು ಗೊತ್ತು, ಸುಮ್ಮನಿರು’ ಎನ್ನುತ್ತೇವೆ. ‘ಸರ್’ ಎಂಬ ಒಂದೇ ಪದದಾಚೆಗೆ ದಾಟಲಾಗದೆ ಎಷ್ಟು ಸಿಸ್ಟರ್‌ಗಳ, ಎಷ್ಟು ಹೌಸ್ ಸರ್ಜನ್ನರ ಎಚ್ಚರಿಕೆಯ ಮಾತು ಗಂಟಲಲ್ಲಿಯೇ ಉಳಿದಿದೆಯೋ ಶಿವನೇ ಬಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ. ತುರ್ತು ಕೊಠಡಿಯೇನೂ ಅನುಭವ ಮಂಟಪವಲ್ಲ, ಅಲ್ಲಿ ಗೋಷ್ಠಿ ನಡೆಸಲು ಸಮಯವಿಲ್ಲ, ಒಬ್ಬರು ಆಜ್ಞಾಪಿಸಬೇಕು, ಉಳಿದವರು ಪಾಲಿಸಬೇಕು ಎಂದು ಕೆಲ ವೈದ್ಯರು ಹೇಳುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ. ನಿರ್ಧಾರ ಒಬ್ಬರದೇ ಇರಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನಿರ್ಧಾರ ಒಬ್ಬರದಾದರೂ ಅರಿವು ಎಲ್ಲರದು. ‘ರಕ್ತದೊತ್ತಡ ಇಳಿಯುತ್ತಿದೆ’, ‘ಈ ಔಷಧ ಆಗಲೇ ಕೊಟ್ಟಾಗಿದೆ’ ಎನ್ನುವುದು ವಾದವಲ್ಲ, ವರದಿ. ಅಮೆರಿಕದ ಆಸ್ಪತ್ರೆಗಳ ತರಬೇತಿಯಲ್ಲಿ ಇದಕ್ಕೂ ಮೂರು ಮೆಟ್ಟಿಲುಗಳನ್ನು ಕಲಿಸುತ್ತಾರೆ. ಮೊದಲು ‘ನನಗೆ ಕಳವಳವಾಗುತ್ತಿದೆ’ ಎನ್ನುವುದು. ಕೇಳದಿದ್ದರೆ ‘ಇದು ನನಗೆ ಸರಿ ಕಾಣುತ್ತಿಲ್ಲ’ ಎನ್ನುವುದು. ಆಗಲೂ ಕೇಳದಿದ್ದರೆ ‘ಇದು ರೋಗಿಗೆ ಅಪಾಯ, ನಿಲ್ಲಿಸಿ’ ಎನ್ನುವುದು. ಮೂರು ವಾಕ್ಯಗಳಿಗೆ ಹತ್ತು ಸೆಕೆಂಡು ಸಾಕು. ತೇರಿನ ಗಾಲಿಯ ಬಳಿಯ ಕೂಗು ಇದೇ ಅಲ್ಲವೇ?

ಹೇಳಿದ ಮಾತು, ತಲುಪಿದ ಮಾತು

ಮಾತನಾಡಿದರಷ್ಟೇ ಸಾಲದು, ಮಾತು ತಲುಪಬೇಕು. ಉತ್ತಮ ತಂಡಗಳಲ್ಲಿ ನಾಯಕರು ಹೆಸರು ಹಿಡಿದು ಹೇಳುತ್ತಾರೆ: ‘ಸುಧಾ ಸಿಸ್ಟರ್, ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಡಿ.’ ಸಿಸ್ಟರ್ ಅದನ್ನೇ ಮರಳಿ ಹೇಳುತ್ತಾರೆ: ‘ಟ್ರಾನೆಕ್ಸಾಮಿಕ್ 1 ಗ್ರಾಂ.’ ಕೊಟ್ಟ ಮೇಲೆ ಮತ್ತೆ ಹೇಳುತ್ತಾರೆ: ‘1 ಗ್ರಾಂ ಕೊಟ್ಟಾಯಿತು, ಸಮಯ 10 ಗಂಟೆ 12 ನಿಮಿಷ.’ ಹೊರಗಿನವರಿಗೆ ಇದು ಬಾಲಬೋಧೆಯಂತೆ ಕಾಣಬಹುದು. ಆದರೆ ಕೂಗಾಟ, ಯಂತ್ರಗಳ ಸದ್ದು, ಆತಂಕ ತುಂಬಿದ ಕೊಠಡಿಯಲ್ಲಿ ಹತ್ತು ಗ್ರಾಂ ಎಂದು ಕೇಳಿಸಿಕೊಂಡದ್ದು, ಎರಡು ಬಾರಿ ಕೊಟ್ಟದ್ದು, ಕೊಡದೆಯೇ ಬಿಟ್ಟದ್ದು, ಈ ಮೂರೂ ತಪ್ಪುಗಳನ್ನು ತಡೆಯುವ ಬೇಲಿ ಇದೇ.

ಇದೇ ಔಷಧವನ್ನು ಉದಾಹರಣೆಯಾಗಿ ಆರಿಸಿದ್ದಕ್ಕೆ ಕಾರಣವಿದೆ. ರಕ್ತಸ್ರಾವವನ್ನು ಕಡಿಮೆ ಮಾಡುವ ಇದು ದುಬಾರಿಯಲ್ಲ. 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವು ಇದು ಸಾವನ್ನು ತಗ್ಗಿಸುತ್ತದೆಂದು ತೋರಿಸಿತು. ಆದರೆ ಗಾಯವಾದ 3 ಗಂಟೆಗಳ ಒಳಗೆ ಕೊಟ್ಟರೆ ಮಾತ್ರ ಪ್ರಯೋಜನ, ತಡವಾಗಿ ಕೊಟ್ಟರೆ ಅಪಾಯವೇ ಹೆಚ್ಚಬಹುದೆಂಬುದೂ ಆ ಅಧ್ಯಯನದಿಂದ ತಿಳಿಯಿತು. ಹಾಗಾದರೆ ಅಪಘಾತ ಎಷ್ಟು ಗಂಟೆಗೆ ಆಯಿತೆಂಬ ಒಂದು ಸಣ್ಣ ಮಾತಿಗೆ ಎಷ್ಟು ಬೆಲೆ! ಆ ಮಾತನ್ನು ಹೇಳಬೇಕಾದವರು ಆಂಬುಲೆನ್ಸ್ ಸಿಬ್ಬಂದಿ, ಇಲ್ಲವೇ ಗಾಯಾಳುವನ್ನು ಕರೆತಂದವರು. ಆದ್ದರಿಂದಲೇ 108ರ ಸಿಬ್ಬಂದಿ ಒಳಬಂದಾಗ ಎಲ್ಲರೂ ಒಂದು ನಿಮಿಷ ಮೌನವಾಗಿ ಅವರ ಮಾತು ಕೇಳಬೇಕೆಂಬ ನಿಯಮವನ್ನು ಒಳ್ಳೆಯ ತಂಡಗಳು ಪಾಲಿಸುತ್ತವೆ. ಏಟು ಹೇಗೆ, ಎಷ್ಟು ಹೊತ್ತಿಗೆ ಆಯಿತು, ಎಲ್ಲೆಲ್ಲಿ ಗಾಯ, ನಾಡಿ ಮತ್ತು ಉಸಿರು ಹೇಗಿದ್ದವು, ದಾರಿಯಲ್ಲಿ ಏನು ಚಿಕಿತ್ಸೆ ಕೊಟ್ಟರು, ಇಷ್ಟು ಸಾಕು. ಬಿಳಿಯ ಕೋಟು ತೊಡದವರ ಮಾತಿಗೆ ಬಿಳಿಯ ಕೋಟಿನವರು ಕಿವಿಗೊಡುವ ಆ ಒಂದು ನಿಮಿಷವನ್ನು ನಾವು ಸಮಾನತೆಯ ಸಾಧನೆಯೆಂದೇ ಭಾವಿಸುತ್ತೇವೆ.

ಹೆಸರು ತಿಳಿದಿರುವುದೂ ಔಷಧವೇ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಸುರಕ್ಷಾ ಪಟ್ಟಿಯನ್ನು ಹೊರತಂದಿತು. ಅದರಲ್ಲಿ ಕೊಯ್ಯುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬ ಅಂಶವಿದೆ. ನವದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೂ, ತೊಡಕುಗಳ ಪ್ರಮಾಣವು ಶೇಕಡಾ 11ರಿಂದ 7ಕ್ಕೂ ಇಳಿದುದು 2009ರಲ್ಲಿ ಪ್ರಕಟವಾಯಿತು. ಇದು ಒಂದು ಹಾಳೆಯ ಕಾಗದದ ಶಕ್ತಿ. ಅದರ ಹಿಂದಿರುವುದು ಪರಸ್ಪರ ಮಾತನಾಡುವ ಅಭ್ಯಾಸ.

ರಾತ್ರಿಯಲ್ಲಿ ಒಬ್ಬ ವೈದ್ಯರು, ಇಬ್ಬರು ಸಿಸ್ಟರ್, ಒಬ್ಬ ವಾರ್ಡ್ ಬಾಯ್ ಮಾತ್ರ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ಕೇಳಬಹುದು. ನಾಲ್ವರೂ ಒಂದು ತಂಡವೇ. ಪಾಳಿ ಆರಂಭವಾದಾಗ ಐದು ನಿಮಿಷ ಒಟ್ಟಿಗೆ ನಿಂತು, ಇಂದು ಅಪಘಾತದ ರೋಗಿ ಬಂದರೆ ಯಾರ ಕೈಗೆ ಯಾವ ಕೆಲಸ, ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾದರೆ ಯಾರು ಫೋನ್ ಮಾಡುವರು ಎಂದು ಗೊತ್ತುಮಾಡಿಕೊಳ್ಳಲು ಹಣ ಬೇಕಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಐದು ನಿಮಿಷ ಕುಳಿತು, ಯಾವುದು ಸರಿಹೋಯಿತು, ಯಾವುದು ತಪ್ಪಿತೆಂದು ಯಾರನ್ನೂ ದೂಷಿಸದೆ ಮಾತನಾಡಿಕೊಳ್ಳಲೂ ಹಣ ಬೇಕಿಲ್ಲ.

ಬಂಧುಗಳೂ ತಂಡದವರೇ

ಇನ್ನು ನಮ್ಮ ಪಾಲಿನ ಕರ್ತವ್ಯ. ತಂಡದ ಮೊದಲ ಸದಸ್ಯರು ರಸ್ತೆಯಲ್ಲಿ ಗಾಯಾಳುವನ್ನು ಕಂಡ ದಾರಿಹೋಕರು. ಪೊಲೀಸ್, ಕೋರ್ಟು ಎಂಬ ಭಯದಿಂದ ಮುಖ ತಿರುಗಿಸಿ ಹೋಗುವ ಕಾಲ ಮುಗಿಯಬೇಕು. ನೆರವಾದವರನ್ನು ರಕ್ಷಿಸಲು ಕರ್ನಾಟಕವು 2016ರಲ್ಲಿಯೇ ಪ್ರತ್ಯೇಕ ಕಾನೂನನ್ನು ರೂಪಿಸಿತು. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯೂ ಅವರಿಗೆ ರಕ್ಷಣೆ ನೀಡಿದೆ. ಸದ್ಭಾವದಿಂದ ನೆರವಾದವರು ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ.

ಆಸ್ಪತ್ರೆಗೆ ಬಂದ ಮೇಲೆ ಇಪ್ಪತ್ತು ಜನ ಒಳನುಗ್ಗುವುದು ಪ್ರೀತಿಯಲ್ಲ, ಅಡ್ಡಿ. ಕುಟುಂಬದವರು ತಮ್ಮಲ್ಲಿ ಒಬ್ಬರನ್ನು ಆರಿಸಿ, ವೈದ್ಯರೊಡನೆ ಮಾತನಾಡುವ ಹೊಣೆಯನ್ನು ಅವರಿಗೆ ಕೊಡಬೇಕು. ಅವರು ಹೇಳಬೇಕಾದದ್ದು ಇಷ್ಟು: ಅಪಘಾತದ ಸಮಯ, ಯಾವ ಔಷಧ ಒಗ್ಗುವುದಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳೇನಾದರೂ ಇವೆಯೇ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿದ್ದಾರೆಯೇ, ಕೊನೆಯ ಬಾರಿ ಯಾವಾಗ ಉಂಡರು, ಸ್ತ್ರೀಯಾದರೆ ಗರ್ಭಿಣಿಯೇ. ಮನೆಯಲ್ಲಿ ಹಿರಿಯರ ಮಾತ್ರೆಗಳ ಚೀಟಿಯೊಂದನ್ನು ಬರೆದು ಕೈಚೀಲದಲ್ಲಿಟ್ಟಿದ್ದರೆ ಅದೇ ದೊಡ್ಡ ಉಪಕಾರ. ಸಾವು ಸಂಭವಿಸಿದಾಗ ಸಿಬ್ಬಂದಿಯ ಮೇಲೆ ಕೈಮಾಡುವುದು 2009ರ ರಾಜ್ಯ ಕಾಯ್ದೆಯಂತೆ ಅಪರಾಧ. ಕಾನೂನಿಗಿಂತ ಮಿಗಿಲಾಗಿ, ಅದು ಮುಂದಿನ ಗಾಯಾಳುವಿಗೆ ಮಾಡುವ ದ್ರೋಹ. ಹೆದರಿದ ತಂಡ ಧೈರ್ಯದ ಚಿಕಿತ್ಸೆಯನ್ನು ನೀಡಲಾರದು.

ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಸೂಕ್ಷ್ಮ ವಿಚಾರವನ್ನೂ ಹೇಳಲೇಬೇಕು. ಗಾಯಾಳುವಿನ ಬಟ್ಟೆಗಳನ್ನು ಕತ್ತರಿಸಿ ತೆಗೆಯುವಾಗ, ಕೊರಳಿಗೆ ಗಟ್ಟಿಯಾದ ಕಾಲರ್ ಹಾಕುವಾಗ, ಸ್ಕ್ಯಾನ್ ಮಾಡುವಾಗ, ಕೊರಳಿನ ಶಿವದಾರವನ್ನೂ ಲೋಹದ ಕರಡಿಗೆಯನ್ನೂ ತೆಗೆಯಬೇಕಾಗಿ ಬರುತ್ತದೆ. ಅದು ಏನೆಂದು ತಿಳಿಯದ ಸಿಬ್ಬಂದಿ ಅದನ್ನು ಚಪ್ಪಲಿ, ಬೆಲ್ಟುಗಳೊಡನೆ ಒಂದೇ ಚೀಲಕ್ಕೆ ಹಾಕಿದರೆ ಕುಟುಂಬದವರ ಮನಸ್ಸು ಒಡೆಯುತ್ತದೆ, ಜಗಳವೇಳುತ್ತದೆ, ಚಿಕಿತ್ಸೆಯ ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಇದೂ ಮಾತಿನ ಕೊರತೆಯ ಫಲ. ಕುಟುಂಬದ ಆ ಒಬ್ಬ ಪ್ರತಿನಿಧಿಯು ‘ಇದು ನಮ್ಮ ಇಷ್ಟಲಿಂಗ, ತೆಗೆಯಬೇಕಾದರೆ ನಮ್ಮ ಕೈಗೆ ಕೊಡಿ’ ಎಂದು ಸಿಸ್ಟರ್‌ಗೆ ಮೊದಲೇ ಶಾಂತವಾಗಿ ಹೇಳಬೇಕು. ಸಿಬ್ಬಂದಿಯೂ ಅದನ್ನು ಗೌರವದಿಂದ ಅವರ ಕೈಗೆ ಒಪ್ಪಿಸಬೇಕು. ಅಪಾಯ ಕಳೆದ ಮೇಲೆ ವೈದ್ಯರ ಅನುಮತಿಯೊಡನೆ ಮತ್ತೆ ಧರಿಸಬಹುದು. ತೆಗೆಯಲೇಬಾರದೆಂದು ಆ ಗಳಿಗೆಯಲ್ಲಿ ಹಟ ಹಿಡಿಯುವುದು ಭಕ್ತಿಯಲ್ಲವೆಂದು ನಾವು ವಿನಯದಿಂದ ಹೇಳಬಯಸುತ್ತೇವೆ. ಕಾಯವು ಉಳಿದರೆ ತಾನೇ ಕಾಯಕವೂ ಪೂಜೆಯೂ ಉಳಿಯುವುದು? ಈ ಬಗ್ಗೆ ಸಂದೇಹವಿರುವವರು ಪೂಜ್ಯ ಗುರುಗಳಲ್ಲಿ ಇಂದೇ ಕೇಳಿ ತಿಳಿಯಲಿ; ಆಸ್ಪತ್ರೆಯ ಬಾಗಿಲಲ್ಲಿ ಚರ್ಚಿಸುವುದು ಬೇಡ.

ದಾಸೋಹದ ಇನ್ನೊಂದು ದಾರಿ

ನಮ್ಮ ನಾಡಿನ ಹಲವು ಮಠಗಳು ಆಸ್ಪತ್ರೆಗಳನ್ನೂ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳನ್ನೂ ನಡೆಸುತ್ತಿವೆ. ಭಕ್ತರು ಉದಾರವಾಗಿ ಕೊಡುತ್ತಾರೆ. ಕಟ್ಟಡಕ್ಕೆ ಕೊಡುತ್ತಾರೆ, ಯಂತ್ರಕ್ಕೆ ಕೊಡುತ್ತಾರೆ, ಆಂಬುಲೆನ್ಸಿಗೆ ಕೊಡುತ್ತಾರೆ. ಅವುಗಳ ಮೇಲೆ ದಾನಿಗಳ ಹೆಸರನ್ನು ಕೆತ್ತಿಸಬಹುದು. ಆದರೆ ಹತ್ತು ಜನ ಸಿಬ್ಬಂದಿಗೆ ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಸಲು ಯಾರೂ ಕೊಡುವುದಿಲ್ಲ, ಏಕೆಂದರೆ ತರಬೇತಿಯ ಮೇಲೆ ಕಲ್ಲು ನೆಡಲಾಗದು. ಯಂತ್ರಗಳು ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರದ ಕೊರತೆಯಷ್ಟೇ ಗಂಭೀರವಾದುದು ಮಾತಿನ ಕೊರತೆ ಎನ್ನುತ್ತಿದ್ದೇವೆ. ವೈದ್ಯ ವಿದ್ಯಾರ್ಥಿಗಳೂ ನರ್ಸಿಂಗ್ ವಿದ್ಯಾರ್ಥಿಗಳೂ ಬೇರೆ ಬೇರೆ ಕೊಠಡಿಗಳಲ್ಲಿ ಓದಿ, ಮೊದಲ ಬಾರಿಗೆ ಭೇಟಿಯಾಗುವುದು ಗಾಯಾಳುವಿನ ಮಂಚದ ಎರಡು ಬದಿಗಳಲ್ಲಿ ಆಗಬಾರದು. ಮಠದ ಸಂಸ್ಥೆಗಳಲ್ಲಾದರೂ ಇಬ್ಬರನ್ನೂ ವಾರ್ಡ್ ಬಾಯ್, ಟೆಕ್ನೀಷಿಯನ್, ಆಂಬುಲೆನ್ಸ್ ಚಾಲಕರೊಡನೆ ಒಂದೆಡೆ ನಿಲ್ಲಿಸಿ, ಗೊಂಬೆಯ ರೋಗಿಯ ಸುತ್ತ ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸಲಿ. ಬರುವ ಜಾತ್ರೆಯ ದಾಸೋಹ ನಿಧಿಯ ಒಂದು ಪಾಲನ್ನು ಇದಕ್ಕೆಂದು ಮೀಸಲಿಡಬೇಕೆಂಬುದು ನಮ್ಮ ನಮ್ರ ಕೋರಿಕೆ.

ಜಾತ್ರೆಯ ಹಿಂದಿನ ದಿನ ಊರಿನವರು ತೇರಿನ ಗಾಲಿ, ಅಚ್ಚು, ಹಗ್ಗಗಳನ್ನು ಮುಟ್ಟಿ ನೋಡುತ್ತಾರೆ. ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುತ್ತಾರೆ. ತೇರು ಹೊರಟ ಮೇಲೆ ಕಲಿಯಲು ಸಮಯವಿರುವುದಿಲ್ಲವೆಂಬುದು ಅವರಿಗೆ ಗೊತ್ತು. ನಮ್ಮವರೊಬ್ಬರನ್ನು ಹೊತ್ತ ಆಂಬುಲೆನ್ಸ್ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತ ಮೇಲೆಯೂ ಸಮಯವಿರುವುದಿಲ್ಲ. ಇಂದು ಸಮಯವಿದೆ.